ಭತ್ತದ ರಾಶಿ ಮೇಲೆ ಹತ್ತೊಂಬತ್ತು ಮುಖ

ಹೊಸದಾಗಿ ಫ್ಲೆಕ್ಸ್ ಅಂಗಡಿ ಇಡಬೇಕೆಂದಿರುವ ಹುಡುಗರು ಈಗಲೂ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಯಾವ ಮಷೀನು ತರಬೇಕು, ಇಂಕು ಎಲ್ಲಿಂದ ತರಿಸಬೇಕು ಎಂದು ಕೇಳುತ್ತಾರೆ. ಮಷೀನು ಯಾವುದಾದರೂ ನಡೆಯುತ್ತದೆ, ಮೊದಲು ತಲೆ ಅಳೆಯುವುದನ್ನು ಕಲಿಯಿರಿ ಎನ್ನುತ್ತೇನೆ. ಅವರು ನಗುತ್ತಾರೆ. ಮೊದಲ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ ಮರುದಿನ ಆ ನಗು ನಿಂತಿರುತ್ತದೆ.

ನಾನು ಕೊಟ್ರೇಶಿ. ಹೊಸಪೇಟೆಯಲ್ಲಿ ಮೂವತ್ತೆಂಟು ವರ್ಷ ಬೋರ್ಡು, ಬ್ಯಾನರು, ಫ್ಲೆಕ್ಸು ಎಂದು ಅನ್ನ ತಿಂದವನು. ಈಗ ಅಂಗಡಿಯನ್ನು ತಮ್ಮನ ಮಗಳು ನೋಡಿಕೊಳ್ಳುತ್ತಾಳೆ. ಊಟಕ್ಕೆ ಕೂತಾಗಲೆಲ್ಲ ಹಳೆಯದನ್ನು ಹೇಳುತ್ತಿದ್ದೆ. ಒಂದು ದಿನ ಅವಳು, "ದೊಡ್ಡಪ್ಪ, ಇದ್ನೆಲ್ಲ ಒಮ್ಮೆ ಬರದಿಡ್ರಿ, ನಾವು ಉಣ್ಣಾಕರ ಉಣ್ತೀವಿ," ಎಂದಳು. ಅದಕ್ಕೇ ಬರೆಯುತ್ತಿದ್ದೇನೆ. ಅಂಗಡಿ ಹೇಗೆ ಬೆಳೆಯಿತು ಎನ್ನುವುದು ಇದರಲ್ಲಿ ಇಲ್ಲ. ಎಡವಿದ್ದು ಇದೆ. ಅದರಲ್ಲೂ ಕಂಪ್ಲಿ ಕಡೆ ಹೊನ್ನೂರಮ್ಮ ಎಂಬ ಹೆಣ್ಣುಮಗಳ ಭತ್ತದ ರಾಶಿಯ ಹತ್ತಿರ ಎಡವಿದ್ದು ನನಗೆ ಇವತ್ತಿಗೂ ನುಂಗಲಾರದ ತುತ್ತು. ಅದನ್ನು ಹೇಳಬೇಕಾದರೆ ಮೊದಲು ಕೆಲಸ ಹೇಗಿತ್ತೆಂದು ಹೇಳಬೇಕು.

ನಾನು ಕೆಲಸ ಕಲಿತದ್ದು ಪೇಂಟರ್ ಮರಿಯಪ್ಪನವರ ಕೈಯಲ್ಲಿ. ಆಗ ಫ್ಲೆಕ್ಸ್ ಎನ್ನುವ ಪದವೇ ಇರಲಿಲ್ಲ. ಬಟ್ಟೆ, ತಗಡು, ಗೋಡೆ, ಅಷ್ಟೇ. ಮರಿಯಪ್ಪನವರು ಒಂದೇ ಪಾಠ ಹೇಳಿಕೊಟ್ಟರು: ಓಡುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನು ಓದಲಾಗದಿದ್ದರೆ ಅದು ಅಕ್ಷರವಲ್ಲ. ಚುನಾವಣೆ ಬಂದರೆ ಗೋಡೆಗೆ ಜಗಳ. ಒಳ್ಳೆಯ ಗೋಡೆಯನ್ನು ಎರಡು ತಿಂಗಳು ಮೊದಲೇ ಸುಣ್ಣ ಹೊಡೆದು ಹಿಡಿದಿಟ್ಟುಕೊಳ್ಳಬೇಕಿತ್ತು. ಒಮ್ಮೆ ನಾನು ಕಮಲಾಪುರದ ಹತ್ತಿರ ಭಾರಿ ಗೋಡೆಯೊಂದನ್ನು ಕಂಡು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು ನಮ್ಮ ಅಭ್ಯರ್ಥಿಯ ಹೆಸರು, ಚಿಹ್ನೆ ಎಲ್ಲ ಬರೆದೆ. ಮನೆಯ ಯಜಮಾನರು ಜಗಲಿಯಲ್ಲಿ ಕೂತು ನೋಡುತ್ತಲೇ ಇದ್ದರು. ನಡುವೆ ಮಜ್ಜಿಗೆಯನ್ನೂ ಕೊಟ್ಟರು. ಬರೆದು ಮುಗಿದ ಮೇಲೆ, "ಅಕ್ಷರ ಮಸ್ತ್ ಅದಾವ. ಎದುರು ನಿಂತಿರಾದು ನಮ್ಮ ಅಳಿಯ. ಈಗ ಅಳಿಸಿ ಅವನ ಹೆಸರು ಬರಿ," ಎಂದರು. ಬರೆದೆ. ಅಕ್ಷರ ಅದಕ್ಕಿಂತ ಚೆನ್ನಾಗಿ ಬಂತು.

ಆಮೇಲೆ ಫ್ಲೆಕ್ಸ್ ಮಷೀನು ಬಂತು. ಒಂದು ವಾರದ ಕೆಲಸ ಒಂದು ಗಂಟೆಗೆ ಇಳಿಯಿತು. ಮರಿಯಪ್ಪನವರು ನನ್ನ ಅಂಗಡಿಗೆ ಬಂದು, ಮಷೀನಿನಿಂದ ಮೆಲ್ಲಗೆ ಹೊರಬರುತ್ತಿದ್ದ ಹಾಳೆಯನ್ನು ಮುಟ್ಟಿ ನೋಡಿ, ಇದು ಹರಿಯುವುದಿಲ್ಲವೇ ಎಂದು ಕೇಳಿದರು. ಹರಿಯುವುದಿಲ್ಲ, ಕೊಳೆಯುವುದೂ ಇಲ್ಲ ಎಂದು ಹೆಮ್ಮೆಯಿಂದ ಹೇಳಿದೆ. ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದರು. ಚಹಾ ತರಿಸಿದೆ.

ಇನ್ನು ತಲೆಯ ವಿಷಯ. ಫ್ಲೆಕ್ಸಿನಲ್ಲಿ ದೊಡ್ಡ ನಾಯಕರ ಮುಖ ಒಂದು, ಅದಕ್ಕಿಂತ ಸಣ್ಣದು ಜಿಲ್ಲೆಯವರದು, ಕೆಳಗೆ ಸಾಲಾಗಿ ಶುಭ ಕೋರುವವರು. ನಾಯಕರು ಯಾವತ್ತೂ ಜಗಳಕ್ಕೆ ಬಂದವರಲ್ಲ. ಅವರಿಗೆ ತಮ್ಮ ಫ್ಲೆಕ್ಸ್ ನೋಡುವಷ್ಟು ಪುರುಸೊತ್ತೂ ಇರುವುದಿಲ್ಲ. ಜಗಳವೆಲ್ಲ ಕೆಳಸಾಲಿನವರದು. ಪಂಪಾಪತಿ ಎಂಬ ಕಾರ್ಯಕರ್ತರೊಬ್ಬರಿದ್ದರು. ಕಟ್ಟಿದ ಫ್ಲೆಕ್ಸಿಗೆ ಏಣಿ ಹಾಕಿ, ಜೇಬಿನಿಂದ ಟೇಪು ತೆಗೆದು, ತಮ್ಮ ತಲೆಯನ್ನೂ ಪಕ್ಕದವನ ತಲೆಯನ್ನೂ ಅಳೆಯುತ್ತಿದ್ದರು. ಅರ್ಧ ಇಂಚು ಕಡಿಮೆ ಬಂದರೆ ನನಗೆ ಫೋನು. ಇಪ್ಪತ್ತು ವರ್ಷ ಹಿಂದಿನ ಫೋಟೋ ಕೊಡುತ್ತಿದ್ದವರೂ ಅವರೇ. ಒಂದು ಸಮಾರಂಭದಲ್ಲಿ ಅವರ ಫ್ಲೆಕ್ಸಿನ ಕೆಳಗೇ ನಿಂತಿದ್ದ ಅವರನ್ನು ಕಾವಲಿನವನು ನೀವು ಯಾರು ಎಂದು ಕೇಳಿ ಒಳಗೆ ಬಿಡಲಿಲ್ಲ. ಅದಕ್ಕೂ ನಾನೇ ಹೊಣೆಯಾದೆ.

ಸಂಡೂರು ರಸ್ತೆಯ ಫ್ಲೆಕ್ಸುಗಳದು ಬೇರೆ ಗೋಳು. ಅದಿರು ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲ. ಕಟ್ಟಿದ ಹದಿನೈದು ದಿನಕ್ಕೆ ಎಲ್ಲ ಪಕ್ಷದ ಬಣ್ಣವೂ ಒಂದೇ ಆಗುತ್ತಿತ್ತು, ಇಟ್ಟಂಗಿ ಕೆಂಪು. ಇಂಕು ಕಳಪೆ ಎಂದು ಗಿರಾಕಿಗಳು ನನ್ನನ್ನು ಬೈಯುತ್ತಿದ್ದರು. ಧೂಳು ಅಂದರೆ ಒಪ್ಪುತ್ತಿರಲಿಲ್ಲ. ಏಕೆಂದರೆ ಲಾರಿಗಳಲ್ಲಿ ಅರ್ಧ ಅವರವೇ. ಕೊನೆಗೆ ನಾಯಕರು ಆ ದಾರಿಯಲ್ಲಿ ಬರುವ ಹಿಂದಿನ ದಿನ ಮುಖ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಬಾಲ್ದಿ, ಸೋಪಿನ ಪುಡಿ, ಏಣಿ ತೆಗೆದುಕೊಂಡು ಹೋಗಿ ನಾಯಕರ ಮುಖ ಉಜ್ಜಿ ಬರುತ್ತಿದ್ದೆ. ಒಮ್ಮೆ ನೀರು ಸಾಲದೆ ಕೆಳಸಾಲಿನವರನ್ನು ಕೆಂಪಗೇ ಬಿಟ್ಟು ಬಂದೆ. ಸಂಜೆ ಪಂಪಾಪತಿಯವರು ಟೇಪು ಇಲ್ಲದೆಯೇ ಬಂದಿದ್ದರು. ಆ ಧೂಳು ನಮ್ಮೆಲ್ಲರ ಎದೆಯೊಳಗೂ ಹೋಗುತ್ತಿತ್ತು. ಅದನ್ನು ತೊಳೆಯುವುದಕ್ಕೆ ಯಾರೂ ಯಾರನ್ನೂ ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಹಳೆಯ ಫ್ಲೆಕ್ಸ್ ಎಲ್ಲಿಗೆ ಹೋಗುತ್ತದೆ ಎಂಬ ಮರಿಯಪ್ಪನವರ ಪ್ರಶ್ನೆಗೆ ಉತ್ತರ ತೋರಣಗಲ್ಲಿನಲ್ಲಿ ಸಿಕ್ಕಿತು. ಅಲ್ಲಿ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಬಂದವರು ಶೆಡ್ಡು ಹಾಕಿಕೊಂಡು ಇರುತ್ತಿದ್ದರು. ಅವರಿಗೆ ಮೇಲ್ಛಾವಣಿಗೆ ಏನಾದರೂ ಬೇಕು. ನನ್ನ ಹಿತ್ತಿಲಲ್ಲಿ ಫ್ಲೆಕ್ಸಿನ ಗುಡ್ಡೆ ಬಿದ್ದಿತ್ತು. ಕೊಟ್ಟೆ. ಒಂದು ವಾರಕ್ಕೆ ಒಬ್ಬ ಹೆಣ್ಣುಮಗಳು ಕಂಪನಿ ಬಸ್ಸು ಹತ್ತಿ ನೇರ ಅಂಗಡಿಗೆ ಬಂದಳು. ಮುದುರಿದ ಫ್ಲೆಕ್ಸನ್ನು ಕೌಂಟರಿನ ಮೇಲೆ ಇಟ್ಟು, ತಲೆ ತಗ್ಗಿಸಿ ಹೇಳಿದಳು: "ಈ ಮನಿಷ್ಯಾ ಮ್ಯಾಲಿಂದ ನೋಡ್ಕಂತನ ಇರ್ತಾನ್ರಿ. ಜಳಕ ಮಾಡಾಕ ಆಗವಲ್ದು." ಹಾಳೆ ತಿರುಗಿಸಿ ಹಾಕಮ್ಮ ಎಂದರೆ, ತಿರುಗಿಸಿದರೂ ಬಿಸಿಲಿಗೆ ಆ ಕಡೆಯಿಂದ ಕಾಣುತ್ತದೆ, ಆಗ ಇನ್ನೂ ದಿಗಿಲಾಗುತ್ತದೆ ಎಂದಳು. ಉಳಿದಿದ್ದ ಕರಿ ಎನಾಮೆಲ್ ತೆಗೆದು ನಾಯಕರ ಮುಖಕ್ಕೆ ಬಳಿದುಕೊಟ್ಟೆ. ಅವತ್ತಿನಿಂದ ಅದೊಂದು ಪದ್ಧತಿಯಾಯಿತು. ಹಳೆ ಫ್ಲೆಕ್ಸ್ ಅಂಗಡಿಯಿಂದ ಹೊರಗೆ ಹೋಗಬೇಕಾದರೆ ಮುಖಕ್ಕೆಲ್ಲ ಕಪ್ಪು ಬಳಿದೇ ಹೋಗಬೇಕು.

ಇದರಿಂದ ನನಗೆ ನಾನೇ ಪರಿಸರಪ್ರೇಮಿಯಾಗಿ ಕಾಣತೊಡಗಿದೆ. ಆ ಭ್ರಮೆಯನ್ನು ಹೆಚ್ಚಿಸಿದ್ದು ಒಂದು ಕಚೇರಿ. ಯಾವುದೆಂದು ಹೇಳುವುದಿಲ್ಲ. ಪರಿಸರ ದಿನಕ್ಕೆ "ಪ್ಲಾಸ್ಟಿಕ್ ತ್ಯಜಿಸಿ" ಎಂದು ಇಪ್ಪತ್ತು ಅಡಿ ಫ್ಲೆಕ್ಸ್ ಬೇಕೆಂದರು. ಫ್ಲೆಕ್ಸೇ ಪ್ಲಾಸ್ಟಿಕ್ ಸ್ವಾಮಿ, ಬಟ್ಟೆ ಮೇಲೆ ಬರೆದುಕೊಡಲೇ ಎಂದೆ. ಬಟ್ಟೆ ಮೇಲೆ ಸಾಹೇಬರ ಫೋಟೋ ಚೆನ್ನಾಗಿ ಬರುವುದಿಲ್ಲ ಎಂದರು. ಮಾಡಿಕೊಟ್ಟೆ. ಮೂರನೆಯ ದಿನ ಅದೇ ಕಚೇರಿಯ ಬೇರೆ ಕೋಣೆಯವರು ಬಂದು, ನಿಷೇಧಿತ ಫ್ಲೆಕ್ಸ್ ಮುದ್ರಿಸಿದ್ದಕ್ಕೆ ನನಗೆ ದಂಡ ಹಾಕಿದರು. ರಶೀದಿ ಕೊಡುವಾಗಿನ ಫೋಟೋ ಬೇಕೆಂದು ನನ್ನನ್ನು ಹೊರಗೆ ಕರೆದು, ಹಿನ್ನೆಲೆ ಚೆನ್ನಾಗಿರಲಿ ಎಂದು ಆ ಇಪ್ಪತ್ತು ಅಡಿಯ ಮುಂದೆಯೇ ನಿಲ್ಲಿಸಿದರು. ಮರುದಿನ ಪತ್ರಿಕೆಯಲ್ಲಿ ಬಂತು. ನಾನು ಒಳ್ಳೆಯ ಅಂಗಿ ಹಾಕಿಕೊಂಡಿರಲಿಲ್ಲ ಎಂದು ಹೆಂಡತಿ ಬೇಸರ ಮಾಡಿಕೊಂಡಳು.

ಹೊನ್ನೂರಮ್ಮ ನನ್ನ ಹಳೆ ಫ್ಲೆಕ್ಸಿನ ಕಾಯಂ ಗಿರಾಕಿ. ಕಂಪ್ಲಿ ಹತ್ತಿರ ಕಾಲುವೆ ನೀರಿನಲ್ಲಿ ಇನ್ನೊಬ್ಬರ ಗದ್ದೆಯನ್ನು ಪಾಲಿಗೆ ಮಾಡುವವಳು. ಭತ್ತವನ್ನು ನಮ್ಮ ಕಡೆ ನೆಲ್ಲು ಎನ್ನುತ್ತೇವೆ. ಬೇಸಿಗೆ ನೆಲ್ಲು ಕೊಯ್ದು ಕಾಲುವೆ ದಂಡೆಯ ರಸ್ತೆ ಬದಿಗೆ ರಾಶಿ ಹಾಕಿ ಒಣಗಿಸುವ ಹೊತ್ತಿಗೆ ಸರಿಯಾಗಿ ಅಕಾಲದ ಅಡ್ಡಮಳೆ ಬರುತ್ತದೆ. ನೆನೆದ ನೆಲ್ಲು ಮೊಳಕೆ ಒಡೆಯುತ್ತದೆ. ಮಿಲ್ಲಿನವರು ಮೂಸಿ ನೋಡಿ ಹಿಂದಕ್ಕೆ ಕಳಿಸುತ್ತಾರೆ. ಅವಳಿಗೆ ವರ್ಷದ ಊಟ, ಪಾಲು ಕೊಡುವುದು, ಮುಂದಿನ ಬಿತ್ತನೆ ಎಲ್ಲವೂ ಆ ಒಂದು ರಾಶಿ. ಅದಕ್ಕೇ ಒಂದು ವರ್ಷ, ರಾಶಿಗೆ ಹೊದಿಸಲು ಗಟ್ಟಿಯಾದದ್ದು ಕೊಡಿ ಎಂದಳು. ನಾನು ತಲೆ ಓಡಿಸಿ ಎರಡು ಹಳೆ ಫ್ಲೆಕ್ಸುಗಳನ್ನು ಬೆನ್ನಿಗೆ ಬೆನ್ನು ಸೇರಿಸಿ, ಚೀಲ ಹೊಲಿಯುವ ದಬ್ಬಣದಿಂದ ನಡುವೆ ಮೂರು ಸಾಲು ಹೊಲಿಗೆ ಹಾಕಿಕೊಟ್ಟೆ. ಡಬಲ್ ತಾಡಪತ್ರಿ ಎಂದು ಹೆಸರನ್ನೂ ಇಟ್ಟೆ. ನುಣುಪಾದ ಮುದ್ರಣದ ಮೈ ಎರಡೂ ಕಡೆ ಹೊರಗೆ ಬಂತು. ಒಂದು ಮೈ ಒಂದು ಪಕ್ಷದ್ದು, ಇನ್ನೊಂದು ಮೈ ಎದುರು ಪಕ್ಷದ್ದು. ಬೇಕೆಂದು ಮಾಡಿದ್ದಲ್ಲ. ಸಮ ಅಳತೆಯವು ಸಿಗುತ್ತಿದ್ದುದೇ ಹಾಗೆ, ಒಬ್ಬರು ಇಷ್ಟಗಲ ಹಾಕಿಸಿದರೆ ಇನ್ನೊಬ್ಬರೂ ಅಷ್ಟೇ ಅಗಲ ಹಾಕಿಸುತ್ತಿದ್ದರು.

ನಾನು ಅದನ್ನು ಹೊಲಿದದ್ದು ಚುನಾವಣೆಯ ಬೇಸಿಗೆಯಲ್ಲಿ. ಅಂಗಡಿಯಲ್ಲಿ ಉಸಿರಾಡುವುದಕ್ಕೂ ಬಿಡುವಿಲ್ಲ. ಹೊನ್ನೂರಮ್ಮ ಬಂದು ಕಾದು ಕೂತಿದ್ದಳು. ಹೊಲಿಗೆ ಹಾಕಿ ಸುತ್ತಿ ಕೊಟ್ಟು ಕಳಿಸಿದೆ. ಮುಖಕ್ಕೆ ಕಪ್ಪು ಬಳಿಯುವುದನ್ನು ಮರೆತೆ.

ನೀತಿಸಂಹಿತೆ ಜಾರಿಯಾದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಫ್ಲೆಕ್ಸಿನ ಮೂಲೆಯಲ್ಲಿ ಮುದ್ರಿಸಿದವರ ಹೆಸರು, ನಂಬರು ಇರಲೇಬೇಕೆಂಬ ನಿಯಮವಿದೆ. ಆ ನಂಬರು ನೋಡಿ ಮಾಡಿದ್ದರು. ಮಾತಾಡಿದವರು ಚುನಾವಣೆ ತನಿಖಾ ತಂಡದವರು. ರಸ್ತೆ ಬದಿ ಅನುಮತಿ ಇಲ್ಲದ ಪ್ರಚಾರ ಸಾಮಗ್ರಿ ಸಿಕ್ಕಿದೆ, ಜಪ್ತಿ ಮಾಡುತ್ತಿದ್ದೇವೆ ಎಂದರು. ಅಷ್ಟರಲ್ಲಿ ಹೊನ್ನೂರಮ್ಮ ಫೋನು ಇಸಿದುಕೊಂಡಳು. "ಕೊಟ್ರೇಶಣ್ಣ, ನೆಲ್ಲಿನ ಮ್ಯಾಲಿಂದ ತಾಡಪತ್ರಿ ಒಯ್ಯಾಕ ನಿಂತಾರ. ಇತ್ತಾಗ ಮಾಡ ಕರ್ರಗಾಗೈತಿ. ಜಲ್ದಿ ಬರ್ರಿ."

ಸ್ಕೂಟರಿನ ಮುಂದೆ ಬಣ್ಣದ ಡಬ್ಬಿ, ಬ್ರಷ್ಷು ಇಟ್ಟುಕೊಂಡು ಹೊರಟೆ. ದಾರಿಯುದ್ದಕ್ಕೂ ಆಕಾಶ ನೋಡುವುದೇ ಆಯಿತು. ತಪ್ಪು ನನ್ನದು ಎಂದು ಗೊತ್ತಿತ್ತು.

ಅಲ್ಲಿ ಹೋಗಿ ನೋಡಿದರೆ ಒಂದು ಜೀಪು, ಒಬ್ಬ ಪೊಲೀಸ್ ಪೇದೆ, ಒಬ್ಬ ವಿಡಿಯೋದವನು, ಮುಂದೆ ಫೈಲು ಹಿಡಿದ ಒಬ್ಬ ಸಣಕಲು ಅಧಿಕಾರಿ. ಹೊನ್ನೂರಮ್ಮ ರಾಶಿ ಏರಿ, ತಾಡಪತ್ರಿಯ ಮೇಲೆ, ನಾಯಕರ ಮೂಗಿನ ಮೇಲೆ ಗಟ್ಟಿಯಾಗಿ ಕೂತಿದ್ದಳು. ಅಧಿಕಾರಿ ಇಳಿಯಮ್ಮ ಎಂದು ಬೇಡುತ್ತಿದ್ದರು. ಅವರು ಹೈಸ್ಕೂಲಿನ ಗಣಿತದ ಮೇಷ್ಟ್ರು ವಿರೂಪಾಕ್ಷಪ್ಪ, ಚುನಾವಣೆ ಡ್ಯೂಟಿಗೆ ಹಾಕಿದ್ದರು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತವರನ್ನು ಭತ್ತದ ಮುಂದೆ ನಿಲ್ಲಿಸಿದರೆ ಏನು ಮಾಡಿಯಾರು?

"ನೋಡ್ರಿ, ಈ ವಿಡಿಯೋ ಮ್ಯಾಲೆ ಹೋಗ್ತೈತಿ," ಎಂದರು ನನ್ನ ಕೈ ಹಿಡಿದು. "ಇಪ್ಪತ್ಮೂರು ಮುಖ ಎಣಿಸೀನಿ. ಬಿಟ್ಟು ಹೋದ್ರ ನನ್ನ ಸಸ್ಪೆಂಡ್ ಮಾಡ್ತಾರ."

ಗುಡುಗು ಕೇಳಿಸಿತು. ಪೇದೆ, ಮಗುಚಿ ಹಾಕಿದರೆ ಮುಗಿಯಿತಲ್ಲ ಎಂದ. ಮೇಷ್ಟ್ರ ಮುಖ ಅರಳಿತು. ನಾನು ಬೇಡ ಎನ್ನುವುದರೊಳಗೆ ಹೊನ್ನೂರಮ್ಮ ಕೆಳಗಿಳಿದಳು, ಎಲ್ಲರೂ ನಾಲ್ಕು ಮೂಲೆ ಹಿಡಿದು ಮಗುಚಿಯೇ ಬಿಟ್ಟರು. ಎದುರು ಪಕ್ಷದ ನಾಯಕರು ಕೈಮುಗಿದುಕೊಂಡು ಮೇಲೆ ಬಂದರು. ವಿಡಿಯೋದವನು ಹತ್ತಿರ ಬಂದ. ಮೇಷ್ಟ್ರು ಎಣಿಸಿದರು. ಹತ್ತೊಂಬತ್ತು. ಎರಡೂ ಕೂಡಿದರೆ ನಲವತ್ತೆರಡು ಎಂದು ಫೈಲಿನಲ್ಲಿ ಬರೆದುಕೊಂಡರು.

ಕಣ್ಣಿಗೆ ಕಾಣುವುದಷ್ಟೇ ಪ್ರಚಾರ, ಭತ್ತದ ಕಡೆ ಮುಖ ಮಾಡಿದ್ದು ಪ್ರಚಾರವಲ್ಲ ಎಂದು ನಾನು ವಾದ ಮಾಡಿದೆ. ಮೇಲಿನ ಮೈಗೆ ಕಪ್ಪು ಬಳಿದುಬಿಡುತ್ತೇನೆ ಎಂದೆ. ಮೇಷ್ಟ್ರು ಯೋಚಿಸಿ, ಹಾಗಾದರೆ ಸಂಖ್ಯೆ ಕಡಿಮೆ ಇರುವ ಮೈಯೇ ಮೇಲಿರಲಿ ಎಂದರು. ಈ ನಾಯಕರ ಮುಖ ದೊಡ್ಡದು ಸರ್, ಬಣ್ಣ ಜಾಸ್ತಿ ಬೇಕು ಎಂದೆ. ಎಷ್ಟು ಜಾಸ್ತಿ ಎಂದು ಅವರು ಪೆನ್ನು ತೆಗೆದು ವಿಸ್ತೀರ್ಣ ಲೆಕ್ಕ ಹಾಕತೊಡಗಿದರು. ಹೊನ್ನೂರಮ್ಮ ಆಕಾಶ ನೋಡಿ ಬ್ರಷ್ಷನ್ನು ನನ್ನ ಕೈಗೆ ತುರುಕಿದಳು.

ನಾನು ಕೆಳಸಾಲಿನಿಂದ ಶುರು ಮಾಡಿದೆ. ಅದು ಅಭ್ಯಾಸಬಲ. ಜಗಳಕ್ಕೆ ಬರುವವರು ಅವರೇ ಎಂದು ಕೈಗೆ ಗೊತ್ತಿತ್ತು. ಒಬ್ಬೊಬ್ಬರನ್ನೇ ಮರೆಮಾಡುತ್ತ ಹದಿನೆಂಟು ಮುಗಿಸಿದೆ. ಬಣ್ಣವೂ ಮುಗಿಯಿತು. ಉಳಿದವರು ನಾಯಕರೊಬ್ಬರೇ, ಎಂಟು ಅಡಿ ಎತ್ತರ. ಮೊದಲ ಹನಿ ಅವರ ಹಣೆಯ ಮೇಲೆ ಬಿತ್ತು.

ಹೊನ್ನೂರಮ್ಮ ಅತ್ತ ಹೋದವಳು ಒಂದು ಪುಟ್ಟಿ ಸಗಣಿ ತಂದಳು. ಏನಾಗುತ್ತಿದೆ ಎಂದು ನಮಗೆ ತಿಳಿಯುವುದರೊಳಗೆ ಎರಡು ಕೈಯಿಂದ ಬಳಿಯಲು ಹತ್ತಿದಳು. ಮೇಷ್ಟ್ರು ಫೈಲನ್ನು ಎದೆಗೆ ಅವಚಿಕೊಂಡರು. ತಾಯಿ, ನಾಯಕರ ಮುಖಕ್ಕೆ ಸಗಣಿ, ಇದು ಬೇರೆಯೇ ಕೇಸಾಗುತ್ತದೆ ಎಂದು ಗೋಗರೆದರು. ಅವಳು ಕೈ ನಿಲ್ಲಿಸಲಿಲ್ಲ.

"ದಿನಾ ಮುಂಜಾನಿ ಬಾಗಲಿಗೆ ಇದ್ನ ಹಾಕ್ತೀನ್ರಿ. ದ್ಯಾವರ ಮನಿ ಇದ್ರಿಂದನ ಸಾರಸ್ತೀನಿ. ದ್ಯಾವರಿಗೆ ನಡಿಯಾದು ಇವ್ರಿಗೆ ನಡಿಯಲ್ಲೇನು?"

ಮೇಷ್ಟ್ರು ಎದೆಗೆ ಅವಚಿದ ಫೈಲನ್ನು ತೆರೆದರು. ಅದರಲ್ಲಿ "ಸಾಂಪ್ರದಾಯಿಕ ವಿಧಾನದಿಂದ ಮರೆಮಾಡಲಾಯಿತು" ಎಂದು ಬರೆದು ಸಹಿ ಹಾಕಿದರು. ಆಗ ಮಳೆ ಬಂತು.

ಏನು ಮಳೆ ಅದು. ಗಾಳಿಗೆ ತಾಡಪತ್ರಿಯ ಒಂದು ಅಂಚು ಎದ್ದಿತು. ಹೊನ್ನೂರಮ್ಮ ಅದರ ಮೇಲೆ ಬಿದ್ದಳು. ನಾನೂ ಪೇದೆಯೂ ಎರಡು ಮೂಲೆ ಹಿಡಿದೆವು. ಅಷ್ಟರಲ್ಲಿ ಸಗಣಿ ಕರಗತೊಡಗಿತು. ಮೊದಲು ಹಣೆ ಕಂಡಿತು, ಆಮೇಲೆ ಕಣ್ಣು, ಆಮೇಲೆ ನಗು. ಹತ್ತು ನಿಮಿಷದಲ್ಲಿ ನಾಯಕರು ಮೊದಲಿಗಿಂತ ಸ್ವಚ್ಛವಾಗಿ ಕೈಮುಗಿದು ನಿಂತಿದ್ದರು. ಜೀಪಿನೊಳಗಿಂದ ವಿಡಿಯೋದವನು ಕ್ಯಾಮೆರಾ ಎತ್ತಿದ. ಮೇಷ್ಟ್ರು ಅವನನ್ನು ನೋಡಿದರು, ರಾಶಿಯನ್ನು ನೋಡಿದರು.

"ಬಂದ್ ಮಾಡಪ್ಪ. ಮಳ್ಯಾಗ ಕ್ಯಾಮೆರಾ ಕೆಡ್ತೈತಿ," ಎಂದು ಫೈಲನ್ನು ಸೀಟಿನ ಮೇಲೆ ಇಟ್ಟು, ಪ್ಯಾಂಟು ಮಡಚಿ, ನಾಲ್ಕನೆಯ ಮೂಲೆ ಹಿಡಿಯಲು ಬಂದರು. ವಿಡಿಯೋದವನೂ ಇಳಿದ. ಆ ಮೇಷ್ಟ್ರ ಮೇಲೆ ನನಗೆ ಆ ಗಳಿಗೆಯಲ್ಲಿ ಬಂದ ಗೌರವ ಮೂವತ್ತೆಂಟು ವರ್ಷ ನಾನು ಮುದ್ರಿಸಿದ ಯಾವ ಮುಖದ ಮೇಲೂ ಬಂದಿರಲಿಲ್ಲ.

ಮುಕ್ಕಾಲು ಗಂಟೆ ಹಿಡಿದು ನಿಂತೆವು. ಮಳೆ ನಿಂತು ಬಿಸಿಲು ಇಣುಕಿತು. ಒಂದು ಮೂಲೆಯೂ ಹಾರಿರಲಿಲ್ಲ. ಗೆದ್ದೆವು ಎಂದುಕೊಂಡೆವು. ಮೇಷ್ಟ್ರು ನನ್ನ ಬೆನ್ನು ತಟ್ಟಿ, ಡಬಲ್ ಮಾಡಿದ್ದು ಒಳ್ಳೆಯದಾಯಿತು ಎಂದರು. ನಾನೂ ಹಳೆ ಪ್ಲಾಸ್ಟಿಕ್ಕನ್ನು ಹೀಗೆ ಬಳಸಿದರೆ ಪರಿಸರಕ್ಕೂ ಒಳ್ಳೆಯದು ಎಂದು ಸಣ್ಣ ಭಾಷಣ ಬಿಗಿದೆ.

ಹೊನ್ನೂರಮ್ಮ ತಾಡಪತ್ರಿ ಸರಿಸಿದಳು. ರಾಶಿಯ ಮೇಲೆ ಉದ್ದಕ್ಕೆ ಮೂರು ಗೆರೆ ಇದ್ದವು, ಕಪ್ಪಗೆ, ದಾರ ಹಿಡಿದು ಎಳೆದಷ್ಟು ನೆಟ್ಟಗೆ. ಅವಳು ಒಂದು ಗೆರೆಯೊಳಗೆ ಮೊಣಕೈವರೆಗೆ ಕೈ ಹಾಕಿ ಮುಷ್ಟಿ ತೆಗೆದಳು. ಬೆರಳ ಸಂದಿಯಿಂದ ನೀರು ಇಳಿಯಿತು.

"ಹೊಲಿಗಿ ಹಾಕಿದ್ದು ಯಾರು?" ಎಂದಳು.

"ನಾನ," ಎಂದೆ.

ದಬ್ಬಣದ ಒಂದೊಂದು ತೂತಿನಿಂದಲೂ ನೀರು ಇಳಿದಿತ್ತು. ಪಕ್ಷ, ನೀತಿಸಂಹಿತೆ, ಅಧಿಕಾರಿ ಯಾರೂ ಕೆಡಿಸದ ನೆಲ್ಲನ್ನು ನನ್ನ ಬುದ್ಧಿವಂತಿಕೆ ಕೆಡಿಸಿತ್ತು. ನೆಲ ಬಾಯಿ ಬಿಡಬಾರದೇ ಅನಿಸಿತು. ಅಷ್ಟು ವರ್ಷ ಎಷ್ಟು ಜನರ ಸೂರಿಗೆ, ಬಣವೆಗೆ, ರಾಶಿಗೆ ಕೊಟ್ಟಿದ್ದೆ. ಒಂದು ದಿನವೂ ಅದರ ಕೆಳಗೆ ನಿಂತು ನೋಡಿರಲಿಲ್ಲ.

ಹೊತ್ತು ಮುಳುಗುವವರೆಗೆ ಐದೂ ಜನ ಒದ್ದೆ ನೆಲ್ಲನ್ನು ಬೇರೆ ಮಾಡಿ ಹರವಿದೆವು. ಆದರೂ ಒಂದಷ್ಟು ಮೊಳಕೆ ಒಡೆಯಿತೆಂದೂ ಮಿಲ್ಲಿನವರು ಅದನ್ನು ಬಿಟ್ಟು ಉಳಿದದ್ದನ್ನು ಕೊಂಡರೆಂದೂ ಆಮೇಲೆ ತಿಳಿಯಿತು. ಹೊರಡುವಾಗ ಅವಳಿಗೆ, ಅಂಗಡಿಯಿಂದ ಹೊಸ ತಾಡಪತ್ರಿಯನ್ನೇ ಕೊಂಡು ತಂದುಕೊಡುತ್ತೇನೆ ಎಂದೆ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ.

"ಹೊಸಾದು ಬ್ಯಾಡ್ರಿ ಅಣ್ಣ. ಒಂದ ಪದರಿಂದು ಕೊಡ್ರಿ, ತೂತು ಇರಬಾರ್ದು. ಮಾರಿ ಯಾರ್ದರ ಇರ್ಲಿ."

ಮತ ಎಣಿಕೆ ಮುಗಿದ ಮೇಲೆ ಹಿತ್ತಿಲಲ್ಲಿ ನಾಲ್ಕು ಗೂಟ ನೆಟ್ಟು, ಒಂದೊಂದೇ ಹಳೆ ಫ್ಲೆಕ್ಸ್ ಕಟ್ಟಿ, ಕೊಡದಿಂದ ಮೇಲೆ ನೀರು ಸುರಿದು ಓಡಿಹೋಗಿ ಕೆಳಗೆ ಕೂತೆ. ಮೊದಲನೆಯದು ನೆತ್ತಿಗೆ ಸೋರಿತು. ಎರಡನೆಯದು ಕುತ್ತಿಗೆಗೆ. ಮೂರನೆಯದರಲ್ಲಿ ಅಂಗಿಯೆಲ್ಲ ಒದ್ದೆಯಾಯಿತು. ನಾಲ್ಕನೆಯದು ಸೋರಲಿಲ್ಲ. ಅದನ್ನು ಬಿಚ್ಚಿ ಸುತ್ತಿ ಕಂಪ್ಲಿ ಬಸ್ಸಿಗೆ ಹಾಕಿದೆ. ಅದರ ಮೇಲೆ ಯಾರ ಮುಖವಿತ್ತೋ ನಾನು ನೋಡಲಿಲ್ಲ.